ನೆಗಡಿ ಬಂತೆಂದು ಮೂಗು ಕೊಯ್ಯಬೇಕೆ?



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಆಟದ ಪೀರಿಯಡ್ಡಿನಲ್ಲಿ ಮರದ ನೆರಳು ಹುಡುಕುತ್ತಿದ್ದವರು ಈಗ ಬೆಳಗಿನ ಐದೂವರೆಗೆ ಎದ್ದು ಓಡುತ್ತಾರೆಂದು ಕೇಳಿದಾಗ ಸಂತೋಷವೂ ಒಂದಿಷ್ಟು ಆಶ್ಚರ್ಯವೂ ಆಗುತ್ತದೆ. ಬೆಂಗಳೂರಿನಲ್ಲಿರುವವರು ಕಬ್ಬನ್ ಪಾರ್ಕು, ಲಾಲ್‌ಬಾಗುಗಳಲ್ಲಿ ಓಡುತ್ತಾರೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆಯಿದೆ. ಸಣ್ಣ ಊರಿನವರಿಗೆ ಸರ್ಕಾರಿ ಕಾಲೇಜಿನ ಮೈದಾನವೇ ಸಾಕು. 2008ರಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರಿನ ದೊಡ್ಡ ಸಾರ್ವಜನಿಕ ಓಟ ಆರಂಭವಾದಂದಿನಿಂದ, ಪದಕದ ಆಸೆಯಿಲ್ಲದೆ ಕೇವಲ ಆರೋಗ್ಯಕ್ಕಾಗಿ, ಮನಸ್ಸಿನ ನೆಮ್ಮದಿಗಾಗಿ ಓಡುವುದು ಸಾಮಾನ್ಯ ಗೃಹಸ್ಥರ ಬದುಕಿನಲ್ಲೂ ಒಂದು ಸ್ಥಾನ ಪಡೆದಿದೆ.

ಆದರೆ ಓಟ ಶುರುವಾದ ನಾಲ್ಕಾರು ತಿಂಗಳಿಗೆ ಇವರಲ್ಲಿ ಹಲವರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತದೆ: “ಸಾರ್, ಮಂಡಿ ನೋಯುತ್ತಿದೆ. ಓಡುವುದನ್ನು ಬಿಟ್ಟುಬಿಡಲೇ?” ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿಕೊಂಡಿದ್ದವನು. ಆದರೂ ಮೇಷ್ಟ್ರನ್ನು ಒಂದು ಮಾತು ಕೇಳೋಣ ಎಂಬ ಹಳೆಯ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಬೇರೆಬೇರೆಯಾಗಿ ಹೇಳುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ನಮ್ಮ ಸಮಾಜದಲ್ಲಿ ಮಂಡಿ ನೋಯುತ್ತಿದೆ ಎಂದು ಬಾಯಿಬಿಟ್ಟರೆ ಸಾಕು, ಎರಡು ಬಗೆಯ ಉಪದೇಶ ಸಿದ್ಧವಾಗಿರುತ್ತದೆ. ಮೊದಲನೆಯದು ಮನೆಯವರದ್ದು, ನೆರೆಯವರದ್ದು: “ಓಡಿದರೆ ಮಂಡಿ ಸವೆಯದೆ ಇರುತ್ತದೆಯೇ? ನಾಳೆಯಿಂದಲೇ ನಿಲ್ಲಿಸಿ.” ಎರಡನೆಯದು ಓಟದ ಗೆಳೆಯರದ್ದು: “ನೋವೆಲ್ಲ ಮನಸ್ಸಿನದ್ದು. ಲೆಕ್ಕಿಸದೆ ಓಡಿ, ತಾನಾಗಿಯೇ ಹೋಗುತ್ತದೆ.” ಈ ಎರಡೂ ಉಪದೇಶಗಳು ತಪ್ಪೆಂಬುದು ನನ್ನ ವಾದ. ಎರಡರಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಮೊದಲನೆಯದು ಎಂಬುದನ್ನೂ ಸೇರಿಸುತ್ತೇನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆಯನ್ನು ನಾವೆಲ್ಲ ಬಲ್ಲೆವು. ಮಂಡಿ ನೋಯಿತೆಂದು ಓಟವನ್ನೇ ಬಿಡುವುದು ಅದೇ ಜಾತಿಯ ಚಿಕಿತ್ಸೆ.

‘ಮಂಡಿ ಸವೆಯುತ್ತದೆ’ ಎಂಬ ಮಾತಿನ ಹಿಂದೆ ಒಂದು ಹೋಲಿಕೆ ಅಡಗಿದೆ. ಗಾಡಿಯ ಚಕ್ರ ಉರುಳಿದಷ್ಟೂ ಪಟ್ಟಿ ಸವೆಯುತ್ತದೆ, ಚಪ್ಪಲಿ ತುಳಿದಷ್ಟೂ ಹಿಮ್ಮಡಿಯ ಭಾಗ ತೆಳುವಾಗುತ್ತದೆ. ಹಾಗೆಯೇ ಮಂಡಿಯೂ ಎಂದು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಚಪ್ಪಲಿ ನಿರ್ಜೀವ ವಸ್ತು. ಮಂಡಿ ಜೀವಂತ ಅಂಗ. ಬಳಸಿದಾಗ ಸವೆಯುವುದು ನಿರ್ಜೀವದ ಧರ್ಮ. ಮಿತಿಯಲ್ಲಿ ಬಳಸಿದಾಗ ಬಲಿಯುವುದು ಜೀವದ ಧರ್ಮ. ಗುದ್ದಲಿ ಹಿಡಿದವನ ಅಂಗೈ ತೆಳುವಾಗುವುದಿಲ್ಲ, ದಪ್ಪವಾಗುತ್ತದೆ. ತೊಡೆಯ ಮೂಳೆ ಮತ್ತು ಮೊಣಕಾಲಿನ ಮೂಳೆಗಳ ತುದಿಗಳನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಸಿಗುವುದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಭಾರ ಬಿದ್ದಾಗ ಒತ್ತಿಕೊಂಡು, ಭಾರ ಇಳಿದಾಗ ಹಿಗ್ಗಿಕೊಂಡು, ನೀರಿನಲ್ಲಿಟ್ಟು ಹಿಂಡಿ ಬಿಟ್ಟ ಸ್ಪಂಜಿನಂತೆ ಅದು ತನಗೆ ಬೇಕಾದುದನ್ನು ಹೀರಿಕೊಳ್ಳುತ್ತದೆ. ಎಂದರೆ ಚಲನೆಯೇ ಅದರ ಊಟ. ಕುಳಿತೇ ಇರುವವನ ಮಂಡಿ ವಿಶ್ರಾಂತಿಯಲ್ಲಿಲ್ಲ, ಅರೆಹೊಟ್ಟೆಯಲ್ಲಿದೆ.

ಇದು ಬರಿಯ ತರ್ಕವಲ್ಲ, ಅಳೆದು ನೋಡಿದ ವಿಷಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1984ರಲ್ಲಿ, ಐವತ್ತು ದಾಟಿದ ಓಟದ ಸಂಘದ ಸದಸ್ಯರನ್ನೂ ಹೋಲಿಕೆಗಾಗಿ ಅಷ್ಟಾಗಿ ಓಡದ ಇತರರನ್ನೂ ಗುರುತಿಸಿ, 21 ವರ್ಷಗಳ ಕಾಲ ಅವರ ಬೆನ್ನು ಹತ್ತಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲಾಗದ ಅಶಕ್ತತೆ ಓಟಗಾರರಲ್ಲಿ ಬಹಳ ತಡವಾಗಿ ಕಾಣಿಸಿತು. 19 ವರ್ಷಗಳ ಹೊತ್ತಿಗೆ ಓಟಗಾರರಲ್ಲಿ ಶೇಕಡಾ 15ರಷ್ಟು ಮಂದಿ ತೀರಿಕೊಂಡಿದ್ದರೆ, ಇನ್ನೊಂದು ಗುಂಪಿನಲ್ಲಿ ಆ ಸಂಖ್ಯೆ ಶೇಕಡಾ 34 ಆಗಿತ್ತು. ಅದೇ ತಂಡ 45 ಓಟಗಾರರ ಮತ್ತು 53 ಇತರರ ಮಂಡಿಗಳ ಎಕ್ಸ್‌ರೇಗಳನ್ನು ಸುಮಾರು ಎರಡು ದಶಕಗಳ ಕಾಲ ತೆಗೆದು ಹೋಲಿಸಿತು. ಓಟಗಾರರ ಮಂಡಿಗಳು ಹೆಚ್ಚು ಕೆಟ್ಟಿರಲಿಲ್ಲ.

2017ರಲ್ಲಿ ಪ್ರಕಟವಾದ ಇನ್ನೊಂದು ಬರಹ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿತು. ವೈದ್ಯರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವ ಸೊಂಟ ಮತ್ತು ಮಂಡಿಯ ಕೀಲುಸವೆತ, ಆರೋಗ್ಯಕ್ಕಾಗಿ ಓಡುವವರಲ್ಲಿ ಶೇಕಡಾ 3.5ರಷ್ಟು ಮಂದಿಗೆ ಇತ್ತು. ಓಡದೆ ಕುಳಿತಿರುವವರಲ್ಲಿ ಅದು ಶೇಕಡಾ 10.2. ಆದರೆ ಸ್ಪರ್ಧೆಗಾಗಿ ಓಡುವವರಲ್ಲಿ ಶೇಕಡಾ 13.3. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಅನುಕೂಲವಾದ ಎರಡನ್ನು ಹೇಳಿ ಮೂರನೆಯದನ್ನು ಬಚ್ಚಿಡುವುದು ಸರಿಯಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆದರೆ ವಾರಕ್ಕೆ ಮೂರು ನಾಲ್ಕು ದಿನ ತನ್ನ ಪಾಡಿಗೆ ಓಡುವ ಗೃಹಸ್ಥನು ಆ ಅತಿಯ ಗುಂಪಿಗೆ ಸೇರಿದವನಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು, ಬರಬೇಕು ಕೂಡ. “ಮೊದಲೇ ಗಟ್ಟಿಮುಟ್ಟಾಗಿದ್ದವರು ಓಡುತ್ತಾರೆ, ಮಂಡಿ ಕೆಟ್ಟವರು ಓಟ ಬಿಟ್ಟಿರುತ್ತಾರೆ. ಹೀಗಿರುವಾಗ ಹೋಲಿಕೆ ಎಲ್ಲಿ ನ್ಯಾಯವಾಯಿತು?” ತರಗತಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಈ ಅಧ್ಯಯನಗಳಿಂದ ‘ಓಟವೇ ಮಂಡಿಯನ್ನು ಕಾಪಾಡಿತು’ ಎಂದು ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ಆದರೆ ‘ಓಡಿದವರ ಮಂಡಿ ಸವೆದೇ ಸವೆಯುತ್ತದೆ’ ಎಂಬ ತೀರ್ಪು ಇವುಗಳ ಎದುರು ನಿಲ್ಲುವುದಿಲ್ಲ. ನನ್ನ ವಾದಕ್ಕೆ ಅಷ್ಟು ಸಾಕು. ಈ ಕಾರಣಕ್ಕಾಗಿಯೇ ನಾನು ಫೌಜಾ ಸಿಂಗರ ಉದಾಹರಣೆಯನ್ನು ಸಾಕ್ಷ್ಯವಾಗಿ ಬಳಸುವುದಿಲ್ಲ. ಎಂಬತ್ತೊಂಬತ್ತರ ವಯಸ್ಸಿನಲ್ಲಿ, 2000ದಲ್ಲಿ, ಲಂಡನ್ನಿನಲ್ಲಿ ಮೊದಲ ಮ್ಯಾರಥಾನ್ ಓಡಿ, 2011ರಲ್ಲಿ ನೂರರ ವಯಸ್ಸಿನಲ್ಲಿ ಟೊರೊಂಟೊದಲ್ಲಿ ಪೂರ್ತಿ ದೂರ ಕ್ರಮಿಸಿದ ಆ ಪಂಜಾಬಿ ಅಜ್ಜ 2025ರ ಜುಲೈನಲ್ಲಿ ತೀರಿಕೊಂಡದ್ದು ವಾಹನ ಬಡಿದು, ಕಾಲು ಸೋತಲ್ಲ. ಅವರ ಬದುಕು ಉತ್ಸಾಹ ಕೊಡಬಹುದು. ಆದರೆ ಒಬ್ಬನ ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ. ‘ನಮ್ಮ ದೊಡ್ಡಪ್ಪ ಓಡಿ ಮಂಡಿ ಹಾಳುಮಾಡಿಕೊಂಡ’ ಎಂಬ ಮನೆಮಾತಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ.

ಹಾಗಾದರೆ ಓಡುವವರ ಮಂಡಿ ಏಕೆ ನೋಯುತ್ತದೆ? ನೋಯುವುದಂತೂ ಸತ್ಯ. ಓಟಗಾರರ ತೊಂದರೆಗಳಲ್ಲಿ ಮಂಡಿನೋವೇ ಅತಿ ಸಾಮಾನ್ಯವಾದದ್ದು. ಬಹುಪಾಲು ಇದು ಮಂಡಿಚಿಪ್ಪಿನ ಸುತ್ತ ಅಥವಾ ಅದರ ಹಿಂದೆ ಬರುವ ನೋವು. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ, ಬಸ್ಸಿನಲ್ಲೋ ಸಿನಿಮಾ ಮಂದಿರದಲ್ಲೋ ಬಹಳ ಹೊತ್ತು ಕಾಲು ಮಡಿಸಿ ಕುಳಿತು ಏಳುವಾಗ ಇದು ಹೆಚ್ಚಾಗುತ್ತದೆ. ಇನ್ನೊಂದು ಬಗೆ ಮಂಡಿಯ ಹೊರಪಕ್ಕದ್ದು. ಸೊಂಟದಿಂದ ತೊಡೆಯ ಹೊರಬದಿಯಲ್ಲಿ ಇಳಿದು ಮಂಡಿಯ ಕೆಳಗೆ ಸೇರುವ ಒಂದು ಗಟ್ಟಿ ಪಟ್ಟಿ ಇದೆ. ಅದು ಮಂಡಿಯ ಬಳಿ ಕೆರಳಿದಾಗ, ಓಟ ಆರಂಭವಾಗಿ ಒಂದು ನಿರ್ದಿಷ್ಟ ದೂರ ಸಾಗಿದ ಮೇಲೆ, ಅದರಲ್ಲೂ ಇಳಿಜಾರಿನಲ್ಲಿ, ನೋವು ಚುರುಕಾಗಿ ಹಿಡಿಯುತ್ತದೆ. ಮೂರನೆಯದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನದು. ಜಿಗಿದಾಟ ಹೆಚ್ಚಿರುವವರಲ್ಲಿ ಇದು ಕಾಣುತ್ತದೆ.

ಈ ಮೂರಕ್ಕೂ ಸಾಮಾನ್ಯವಾದ ಮೂಲ ಒಂದೇ: ಅಂಗ ತಾಳಿಕೊಳ್ಳಲು ಕಲಿತಿರುವ ಭಾರಕ್ಕಿಂತ ಹೆಚ್ಚಿನ ಭಾರವನ್ನು ಒಮ್ಮೆಗೇ ಹೇರುವುದು. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಏದುಸಿರು ಕಡಿಮೆಯಾಗುತ್ತದೆ, ಹುರುಪು ಬರುತ್ತದೆ. ಆದರೆ ರಜ್ಜುಗಳು, ಮೂಳೆಗಳು ಹೊಂದಿಕೊಳ್ಳಲು ತಿಂಗಳುಗಳು ಬೇಕು. ಉಸಿರು ‘ಇನ್ನೂ ಓಡು’ ಎನ್ನುವಾಗ ಮಂಡಿ ‘ತಾಳು’ ಎನ್ನುತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಣಕಾಸಿನ ಬಗ್ಗೆಯಾದರೂ ಓಟಗಾರನಿಗೆ ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ. ಒಂದೇ ವ್ಯತ್ಯಾಸವೆಂದರೆ, ಈ ಹಾಸಿಗೆಯನ್ನು ತಾಳ್ಮೆಯಿಂದ ಉದ್ದ ಮಾಡಿಕೊಳ್ಳಬಹುದು.

ಭಾರವೆಂದರೆ ಓಟವೊಂದೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಾನು ನಿವೃತ್ತಿಗೆ ಎರಡು ವರ್ಷ ಮುಂಚೆ ಮೆಲ್ಲನೆ ಓಡಲು ಕಲಿತವನು. ವರ್ಷಗಳ ಕಾಲ ನೋಯದ ನನ್ನ ಎಡಮಂಡಿ ನೋಯತೊಡಗಿದ್ದು ಮನೆ ಬದಲಾಯಿಸಿದ ವಾರದಲ್ಲಿ. ಓಟದ ದೂರ ಒಂದಿಷ್ಟೂ ಹೆಚ್ಚಿರಲಿಲ್ಲ. ಆದರೆ ಪುಸ್ತಕದ ಪೆಟ್ಟಿಗೆಗಳೊಂದಿಗೆ ಎರಡು ಮಹಡಿ ಹತ್ತಿಳಿಯುವ ಕೆಲಸ ಸೇರಿಕೊಂಡಿತ್ತು. ಮಂಡಿಯ ಲೆಕ್ಕದ ಪುಸ್ತಕದಲ್ಲಿ ಮೆಟ್ಟಿಲು, ಓಟ, ನೆಲ ಒರೆಸುವುದು, ತೋಟಗೆಲಸ ಎಲ್ಲವೂ ಒಂದೇ ಖಾತೆಗೆ ಜಮೆಯಾಗುತ್ತವೆ. ಮದುವೆಮನೆಯಲ್ಲಿ ಮೂರು ದಿನ ಓಡಾಡಿ, ನಾಲ್ಕನೆಯ ಬೆಳಿಗ್ಗೆ ಎಂದಿನಷ್ಟೇ ಓಡಿದವನು ‘ಓಟದಿಂದ ಮಂಡಿನೋವು ಬಂತು’ ಎಂದರೆ ಓಟಕ್ಕೆ ಅನ್ಯಾಯವಾಗುತ್ತದೆ.

ಇನ್ನೊಂದು ಸಣ್ಣ ಭೌತಶಾಸ್ತ್ರ. ಓಡುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಗರಿಷ್ಠ ಭಾರ ನಡಿಗೆಯಲ್ಲಿ ಬೀಳುವುದರ ಸುಮಾರು ಮೂರು ಪಟ್ಟು. ‘ಸವೆಯುತ್ತದೆ’ ಎನ್ನುವವರ ಬತ್ತಳಿಕೆಯ ಮುಖ್ಯ ಬಾಣ ಇದೇ. ಆದರೆ ಓಡುವಾಗ ಹೆಜ್ಜೆ ಉದ್ದವಾಗಿರುವುದರಿಂದ ಅಷ್ಟೇ ದೂರಕ್ಕೆ ಹೆಜ್ಜೆಗಳ ಸಂಖ್ಯೆ ಕಡಿಮೆ. ಪಾದ ನೆಲದ ಮೇಲಿರುವ ಕಾಲಾವಧಿಯೂ ಕಡಿಮೆ. ಎಲ್ಲವನ್ನೂ ಕೂಡಿಸಿ, ಕ್ರಮಿಸಿದ ದೂರದಿಂದ ಭಾಗಿಸಿದಾಗ ನಡಿಗೆಗೂ ಓಟಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು 2014ರಲ್ಲಿ ಪ್ರಕಟವಾದ ಒಂದು ಅಳತೆ ತೋರಿಸಿತು. ನಡೆದರೆ ಮಂಡಿ ಸವೆಯುತ್ತದೆಂದು ನಮ್ಮಲ್ಲಿ ಯಾರೂ ಹೆದರುವುದಿಲ್ಲ ಎಂಬುದನ್ನು ಗಮನಿಸಿ.

ಈಗ ಎರಡನೆಯ ಉಪದೇಶಕ್ಕೆ ಬರೋಣ: ನೋವನ್ನು ಲೆಕ್ಕಿಸದೆ ಓಡುವುದು. ಇದು ವೀರಾವೇಶದ ಮಾತು, ವಿವೇಕದ್ದಲ್ಲ. ನೋವು ಶತ್ರುವಲ್ಲ, ವರದಿಗಾರ. ವರದಿಗಾರನ ಬಾಯಿ ಮುಚ್ಚಿಸಿದರೆ ಘಟನೆ ನಡೆಯಲಿಲ್ಲವೆಂದಾಗುವುದಿಲ್ಲ. ಓಟದ ದಿನ ಬೆಳಿಗ್ಗೆ ಔಷಧಿ ಅಂಗಡಿಯಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ನುಂಗಿ ಹೊರಡುವವರನ್ನು ಕಂಡಿದ್ದೇನೆ. ಈ ಮಾತ್ರೆಗಳು ಜಠರದ ಒಳಪದರವನ್ನು ಕೆರಳಿಸಿ ಹುಣ್ಣು ಮಾಡಬಲ್ಲವು. ಬೆವರಿ ನೀರಿನಂಶ ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಗಳಿಗೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡಬಲ್ಲವು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಬೆಂಕಿಯೊಡನೆ ಆಟ. ಮಂಡಿಯನ್ನು ಉಳಿಸಲು ಮೂತ್ರಪಿಂಡವನ್ನು ಅಡವಿಡುವುದು ಎಂತಹ ವ್ಯಾಪಾರ? ವೈದ್ಯರು ಬರೆದುಕೊಟ್ಟು ಕೆಲವು ದಿನ ತೆಗೆದುಕೊಳ್ಳುವುದು ಬೇರೆ, ಓಡುವ ಸಲುವಾಗಿ ನುಂಗುವುದು ಬೇರೆ.

ಎರಡೂ ತಪ್ಪಾದರೆ ಸರಿಯಾದುದು ಯಾವುದು? ನನ್ನ ಉತ್ತರ ಇದು: ಓಟವನ್ನು ಬಿಡಬೇಡಿ, ಕಡಿಮೆ ಮಾಡಿ, ಕಡಿಮೆ ಮಾಡುವುದಕ್ಕೆ ಒಂದು ಅಳತೆ ಇಟ್ಟುಕೊಳ್ಳಿ. ಕೆನಡಾದ ಕ್ವಿಬೆಕ್‌ನಲ್ಲಿ ಮಂಡಿಚಿಪ್ಪಿನ ನೋವಿದ್ದ 69 ಓಟಗಾರರನ್ನು ಮೂರು ಗುಂಪು ಮಾಡಿ ಎಂಟು ವಾರ ನೋಡಿಕೊಂಡ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಭಾರವನ್ನು ಹೇಗೆ ಹಿಡಿತದಲ್ಲಿಡಬೇಕೆಂಬ ತಿಳಿವಳಿಕೆ ಮಾತ್ರ ಕೊಟ್ಟರು. ಇನ್ನೆರಡು ಗುಂಪುಗಳಿಗೆ ಅದರ ಜೊತೆಗೆ ವ್ಯಾಯಾಮವನ್ನೋ ಓಟದ ಶೈಲಿಯ ತರಬೇತಿಯನ್ನೋ ಕೊಟ್ಟರು. ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸುಧಾರಿಸಿದವು. ತಿಳಿವಳಿಕೆಯೇ ಚಿಕಿತ್ಸೆಯ ದೊಡ್ಡ ಪಾಲು ಎಂಬ ಈ ಫಲಿತಾಂಶ ಶಿಕ್ಷಕನಾದ ನನಗೆ ವಿಶೇಷ ಸಂತೋಷ ಕೊಟ್ಟಿತೆಂದರೆ ನೀವು ನಗಬಾರದು.

ಆ ತಿಳಿವಳಿಕೆಯ ತಿರುಳು ಸರಳವಾದುದು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಅಂಕ ಕೊಡುವುದು ನನ್ನ ಹಳೆಯ ಕಸುಬು, ಆದರೆ ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರೇ ಪಾಸು. ಓಡುವಾಗ ನೋವು ಎರಡನ್ನು ಮೀರಬಾರದು. ಓಟ ಮುಗಿದ ಒಂದು ಗಂಟೆಯೊಳಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿಯಬೇಕು. ಇವೆರಡೂ ಸರಿಯಿದ್ದರೆ ಅಷ್ಟು ಓಟವನ್ನು ಮಂಡಿ ಒಪ್ಪಿಕೊಂಡಿದೆ ಎಂದರ್ಥ. ಮೀರಿದರೆ ಮುಂದಿನ ಸಲ ದೂರವನ್ನೋ ವೇಗವನ್ನೋ ಇಳಿಸಿ. ಒಂದೇ ದಿನ ಬಹಳ ಓಡಿ ಮೂರು ದಿನ ಮಲಗುವುದಕ್ಕಿಂತ, ಸ್ವಲ್ಪಸ್ವಲ್ಪವಾಗಿ ಹೆಚ್ಚು ದಿನ ಓಡುವುದು ಮೇಲು. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಬೆರೆಸಿಕೊಂಡರೆ ಮರ್ಯಾದೆಗೇನೂ ಕುಂದಿಲ್ಲ. ನೋವಿರುವಷ್ಟು ದಿನ ಇಳಿಜಾರನ್ನೂ ಮೆಟ್ಟಿಲನ್ನೂ ತಪ್ಪಿಸಿ. ಚಾಮುಂಡಿ ಬೆಟ್ಟದ ಸಾವಿರದಷ್ಟು ಮೆಟ್ಟಿಲುಗಳನ್ನು ಹತ್ತುವ ಹರಕೆ ಇದ್ದರೆ, ಹತ್ತಿ ದರ್ಶನ ಮಾಡಿಕೊಂಡು, ಇಳಿಯುವಾಗ ಬಸ್ಸು ಹಿಡಿಯಿರಿ. ಮಂಡಿಚಿಪ್ಪನ್ನು ಹೆಚ್ಚು ಕಾಡುವುದು ಇಳಿಯುವ ಮೆಟ್ಟಿಲು. ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕುಳಿತುಕೊಳ್ಳುವುದು, ಕುಕ್ಕರಗಾಲಿನಲ್ಲಿ ಕೂರುವುದು ನಮ್ಮ ಒಳ್ಳೆಯ ಅಭ್ಯಾಸಗಳೇ. ನೋವು ಕೆರಳಿದ ಕೆಲವು ವಾರ ಮಣೆಯ ಬದಲು ಸ್ಟೂಲು ಬಳಸಿದರೆ ಸಂಸ್ಕೃತಿ ಮುಳುಗಿಹೋಗುವುದಿಲ್ಲ.

ಹೆಜ್ಜೆಯ ವಿಷಯ. ಉದ್ದುದ್ದ ಹೆಜ್ಜೆ ಹಾಕಿ, ದೇಹದ ಮುಂದೆ ದೂರದಲ್ಲಿ ಹಿಮ್ಮಡಿ ಊರಿ ಓಡುವವರ ಮಂಡಿಗೆ ಪೆಟ್ಟು ಜಾಸ್ತಿ. ವೇಗ ಅಷ್ಟೇ ಇರಲಿ. ನಿಮಿಷಕ್ಕೆ ಹಾಕುವ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಮೇಲಿನ ಭಾರ ಇಳಿಯುತ್ತದೆಂದು 2011ರಲ್ಲಿಯೇ ಅಳೆದು ತೋರಿಸಿದ್ದಾರೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರು 170ರ ಹತ್ತಿರ ಬಂದರೆ ಸಾಕು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಸ್ನಾಯುಗಳ ವಿಷಯ. ಮಂಡಿ ನೋಯುವವರು ಮಂಡಿಯನ್ನೇ ತಿಕ್ಕುತ್ತಾರೆ. ಆದರೆ ಮಂಡಿ ತನ್ನಷ್ಟಕ್ಕೆ ಬಹಳ ಬಡಪಾಯಿ. ಮೇಲೆ ಸೊಂಟ, ತೊಡೆ, ಕೆಳಗೆ ಮೀನಖಂಡ, ಇವು ಹೊರಬೇಕಾದ ಹೊರೆಯನ್ನು ಹೊರದಿದ್ದಾಗ ಅದು ನರಳುತ್ತದೆ. ಗೋಡೆಗೆ ಬೆನ್ನು ಆನಿಸಿ, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ ನಿಲ್ಲುವುದು ಒಂದು ಕಾಲದ ಶಾಲೆಗಳಲ್ಲಿ ಶಿಕ್ಷೆಯಾಗಿತ್ತು. ಈಗ ಅದನ್ನೇ ಫಿಜಿಯೋಥೆರಪಿಸ್ಟರು ಹಣ ಪಡೆದು ಹೇಳಿಕೊಡುತ್ತಾರೆ, ಮತ್ತು ಸರಿಯಾಗಿಯೇ ಹೇಳಿಕೊಡುತ್ತಾರೆ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವುದು, ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತುವುದು, ಒಂದು ಗಿಡ್ಡ ಮೆಟ್ಟಿಲನ್ನು ನಿಧಾನವಾಗಿ ಹತ್ತುವುದು, ತುದಿಗಾಲಿನಲ್ಲಿ ಎದ್ದು ಇಳಿಯುವುದು: ಇಷ್ಟನ್ನು ವಾರಕ್ಕೆ ಮೂರು ದಿನ, ಮೂರು ತಿಂಗಳು ಮಾಡಿ ನೋಡಿ. ಹತ್ತು ದಿನಕ್ಕೆ ಫಲ ಕೇಳುವುದು ಬೀಜ ಬಿತ್ತಿ ಮರುದಿನ ಮಣ್ಣು ಕೆದಕಿ ನೋಡಿದಂತೆ. ನನ್ನ ಎಡಮಂಡಿ ದಾರಿಗೆ ಬರಲು ಹದಿನಾಲ್ಕು ವಾರ ಹಿಡಿಯಿತು. ಆ ಹದಿನಾಲ್ಕು ವಾರದಲ್ಲಿ ನಾನು ಪೂರ್ತಿ ಓಡದೆ ಇದ್ದದ್ದು ಮೊದಲ ಐದು ದಿನ ಮಾತ್ರ.

ತೂಕದ ವಿಷಯವನ್ನೂ ನಯವಾಗಿ ಹೇಳಿಬಿಡುತ್ತೇನೆ. ಮಂಡಿ ಸವೆದಿದ್ದ, ತೂಕ ಹೆಚ್ಚಿದ್ದ ಹಿರಿಯರನ್ನು ಅಳೆದು ನೋಡಿದಾಗ, ಇಳಿಸಿದ ಪ್ರತಿ ಒಂದು ಕಿಲೋ ತೂಕಕ್ಕೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ನಾಲ್ಕು ಕಿಲೋದಷ್ಟು ಭಾರ ಕಡಿಮೆಯಾಗುತ್ತಿತ್ತು. ತೂಕ ಬಹಳ ಇರುವವರು ಮೊದಲ ಕೆಲವು ತಿಂಗಳು ಚುರುಕಾಗಿ ನಡೆದು, ಆಮೇಲೆ ಓಟಕ್ಕೆ ಇಳಿಯುವುದು ಜಾಣತನ.

ಇನ್ನು ಮಾರುಕಟ್ಟೆಯ ಮಾತು. ಮಂಡಿನೋವಿನ ಸುತ್ತ ಒಂದು ದೊಡ್ಡ ಸಂತೆಯೇ ನೆರೆದಿದೆ. ಗ್ಲುಕೋಸಮೈನ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ. ಮಂಡಿಸವೆತವಿದ್ದ 1,583 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಒಟ್ಟಾರೆಯಾಗಿ ಅದು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಸ್ಕ್ಯಾನಿಂಗ್ ಬಗ್ಗೆಯೂ ಒಂದು ಎಚ್ಚರಿಕೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಗಳನ್ನು ಎಂಆರ್‌ಐ ಮಾಡಿ 2008ರಲ್ಲಿ ವರದಿ ಮಾಡಿದರು. ಮಂಡಿಯೊಳಗಿನ ಮೆತ್ತೆಯಾದ ಮಿನಿಸ್ಕಸ್ ಹರಿದಿದ್ದವರಲ್ಲಿ ಶೇಕಡಾ 61ರಷ್ಟು ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ. ಆದ್ದರಿಂದ ಚಿತ್ರದಲ್ಲಿ ಹರಕು ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದಲ್ಲ. ಫಿನ್ಲೆಂಡಿನಲ್ಲಿ, ವಯಸ್ಸಿನಿಂದ ಇಂಥ ಹರಕು ಬಂದಿದ್ದ 146 ಮಂದಿಯಲ್ಲಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆಯನ್ನೂ ಕೆಲವರಿಗೆ ಅದರ ನಟನೆಯನ್ನಷ್ಟೇ ಮಾಡಿ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷದ ನಂತರ ಎರಡೂ ಗುಂಪುಗಳ ಸ್ಥಿತಿ ಒಂದೇ ಆಗಿತ್ತು. ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಪೂರ್ತಿ ಸವೆದ ಮಂಡಿಯನ್ನು ಬದಲಿಸಿಕೊಂಡು ಮತ್ತೆ ದೇವಸ್ಥಾನಕ್ಕೆ ನಡೆದುಹೋಗುವ ಹಿರಿಯರು ನಮ್ಮ ಬಂಧುಗಳಲ್ಲೇ ಇದ್ದಾರೆ. ಆದರೆ ಓಡಿ ನೋಯಿಸಿಕೊಂಡ ಮಂಡಿಗೆ ಮೊದಲ ಮದ್ದು ಕತ್ತರಿಯಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಳ್ಳುವುದು, ಲಕ್ಕಿಸೊಪ್ಪಿನ ಶಾಖ ಕೊಡುವುದು, ಇವು ಹಿತವೆನಿಸಿದರೆ ಧಾರಾಳವಾಗಿ ಮಾಡಿ, ಹಿತಕ್ಕೂ ಬೆಲೆಯಿದೆ. ಆದರೆ ಹಿತವನ್ನೇ ಚಿಕಿತ್ಸೆಯೆಂದು ತಿಳಿದು ವ್ಯಾಯಾಮವನ್ನು ಮರೆಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಿ ಮೇಷ್ಟ್ರ ಮಾತು ನಿಲ್ಲಬೇಕು, ವೈದ್ಯರ ಮಾತು ಶುರುವಾಗಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ. ಬಿದ್ದು ಅಥವಾ ತಿರುಚಿ ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ, ಕಾಲು ಮಡಿಸಲೋ ನೀಡಲೋ ಬಾರದಂತೆ ಕೀಲು ಸಿಕ್ಕಿಕೊಂಡರೆ, ನಡೆಯುವಾಗ ಮಂಡಿ ಇದ್ದಕ್ಕಿದ್ದಂತೆ ಕುಸಿದರೆ, ಆ ಕಾಲಿನ ಮೇಲೆ ಭಾರ ಬಿಡಲಾಗದಿದ್ದರೆ, ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ವಿಶ್ರಾಂತಿಯಲ್ಲಿದ್ದಾಗಲೂ ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಈ ಬರಹವನ್ನು ಪಕ್ಕಕ್ಕಿಟ್ಟು ತಡಮಾಡದೆ ವೈದ್ಯರನ್ನು ಕಾಣಿರಿ. ಇವು ಯಾವುವೂ ಇಲ್ಲದೆ, ಮೇಲೆ ಹೇಳಿದಂತೆ ಎರಡು ಮೂರು ತಿಂಗಳು ಮಾಡಿಯೂ ನೋವು ಜಗ್ಗದಿದ್ದರೂ ಕಾಣಿರಿ.

‘ಓಟ ಬಿಡು’ ಎಂಬ ಉಪದೇಶವೇ ಹೆಚ್ಚು ಹಾನಿಕರವೆಂದು ಆರಂಭದಲ್ಲಿ ಹೇಳಿದೆನಲ್ಲ, ಅದಕ್ಕೆ ಕಾರಣ ಕೊಡಬೇಕು. ನೋವನ್ನು ಲೆಕ್ಕಿಸದೆ ಓಡಿದವನನ್ನು ನೋವೇ ಒಂದು ದಿನ ನಿಲ್ಲಿಸುತ್ತದೆ. ಪಾಠ ಕಲಿತು ಅವನು ಮತ್ತೆ ಏಳಬಹುದು. ಆದರೆ ಓಟ ಬಿಟ್ಟು ಕುಳಿತವನನ್ನು ಕೂರಬೇಡವೆಂದು ಎಚ್ಚರಿಸಲು ಯಾವ ನೋವೂ ಬರುವುದಿಲ್ಲ. ಕುರ್ಚಿ ನೋಯಿಸುವುದಿಲ್ಲ, ಸದ್ದಿಲ್ಲದೆ ಕೆಲಸ ಮಾಡುತ್ತದೆ. ತೂಕ ಏರುತ್ತದೆ, ತೊಡೆ ಸೊರಗುತ್ತದೆ, ಸೊರಗಿದ ತೊಡೆಯಿಂದ ಮಂಡಿ ಇನ್ನಷ್ಟು ನೋಯುತ್ತದೆ, ಇನ್ನಷ್ಟು ನೋವಿಗೆ ಇನ್ನಷ್ಟು ಕೂರುತ್ತಾನೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದೆ. ಇಂಥ ನಾಡಿನಲ್ಲಿ ಓಡುತ್ತಿರುವ ಒಬ್ಬನನ್ನು ಕೂರಿಸುವ ಸಲಹೆ ನಿರುಪದ್ರವಿಯಲ್ಲ.

ಇದರಲ್ಲಿ ಹೆಚ್ಚು ನಷ್ಟವಾಗುವುದು ನನ್ನ ವಿದ್ಯಾರ್ಥಿನಿಯರಿಗೆ. ಗಂಡಸಿನ ಮಂಡಿ ನೋಯಿತೆಂದರೆ “ಡಾಕ್ಟರಿಗೆ ತೋರಿಸು” ಎನ್ನುವ ಮನೆಯೇ, ಹೆಂಗಸಿನ ಮಂಡಿ ನೋಯಿತೆಂದರೆ “ವಯಸ್ಸಾಯಿತಲ್ಲ, ಈ ಓಟವೆಲ್ಲ ಏಕೆ ಬೇಕಿತ್ತು?” ಎನ್ನುತ್ತದೆ. ಇಪ್ಪತ್ತು ವರ್ಷ ಮಕ್ಕಳಿಗೆ, ಅತ್ತೆ-ಮಾವಂದಿರಿಗೆ ದುಡಿದು, ನಲವತ್ತೆರಡರಲ್ಲಿ ದಿನಕ್ಕೆ ಅರ್ಧ ಗಂಟೆಯನ್ನು ತನಗಾಗಿ ಗಳಿಸಿಕೊಂಡವಳ ಆ ಅರ್ಧ ಗಂಟೆಯನ್ನು ಕಸಿದುಕೊಳ್ಳಲು ಮಂಡಿನೋವು ಒಂದು ನೆಪವಾಗುತ್ತದೆ. ಅದೇ ಮಂಡಿಯಲ್ಲಿ ದಿನಕ್ಕೆ ಹತ್ತು ಸಲ ಮಹಡಿ ಹತ್ತಿಳಿದು ಬಟ್ಟೆ ಒಣಹಾಕುವುದಕ್ಕೆ ಮಾತ್ರ ಯಾರ ಆಕ್ಷೇಪಣೆಯೂ ಇಲ್ಲ! ಮನೆಯವರಿಗೆ ನನ್ನ ಮಾತು ಇಷ್ಟೇ: ಅವಳ ಮಂಡಿಯ ಬಗ್ಗೆ ನಿಜವಾದ ಕಾಳಜಿ ಇದ್ದರೆ, ಬಕೆಟ್ಟು ನೀವು ಹೊತ್ತು ಕೊಡಿ, ಓಡಲು ಅವಳನ್ನು ಬಿಡಿ.

ಮಕ್ಕಳ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಹತ್ತನೆಯ ತರಗತಿ ಬಂತೆಂದರೆ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ರೂಢಿ ನಮ್ಮ ಶಾಲೆಗಳಲ್ಲಿದೆ. ಹದಿನೈದರಲ್ಲಿ ಓಟ ನಿಲ್ಲಿಸಿದ ದೇಹ ನಲವತ್ತರಲ್ಲಿ ಮತ್ತೆ ಓಡಲು ಹೊರಟಾಗ ಮಧ್ಯದ ಇಪ್ಪತ್ತೈದು ವರ್ಷದ ಬಾಕಿಯನ್ನು ಮಂಡಿಯೇ ತೀರಿಸಬೇಕಾಗುತ್ತದೆ. ನಿಮ್ಮ ಮಕ್ಕಳಿಗೆ ಆ ಬಾಕಿ ಬೆಳೆಯದಂತೆ ನೋಡಿಕೊಳ್ಳಿ. ನಿಮ್ಮ ಬಾಕಿಯನ್ನಾದರೋ ಕಂತುಗಳಲ್ಲಿ ತೀರಿಸಿರಿ. ಒಂದೇ ದಿನ ಪೂರ್ತಿ ಕಟ್ಟಲು ಹೋಗಬೇಡಿ, ಸಾಲಕ್ಕೆ ಹೆದರಿ ತಲೆ ಮರೆಸಿಕೊಳ್ಳಲೂ ಬೇಡಿ.

ಈ ವಿಷಯದಲ್ಲಿ ನಿಮ್ಮ ಅನುಭವ ಬೇರೆಯಾಗಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ನಿಮ್ಮಲ್ಲಿ ವೈದ್ಯರಾಗಿರುವವರು, ಫಿಜಿಯೋಥೆರಪಿ ಓದಿರುವವರು ಇದ್ದೀರಿ, ತಿದ್ದಬೇಕಾದುದಿದ್ದರೆ ತಿದ್ದಿರಿ. ಒಂದು ಕಾಲದಲ್ಲಿ ನಿಮ್ಮ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯಿಂದ ಬರೆದವನು ನಾನು. ಈಗ ಆ ಲೇಖನಿ ನಿಮ್ಮ ಕೈಯಲ್ಲಿರಲಿ.

ಎಲ್ಲರಿಗೂ ಶುಭವಾಗಲಿ.